ಇಂಗ್ಲೆಂಡಿನ ಫ್ಲ್ಯಾಟ್‌ಗೆ ಲೀಸ್ ವಿಸ್ತರಣೆ: ತಾರೀಖು ತಪ್ಪದಂತೆ ಮಾಡಿಸಿಕೊಳ್ಳುವುದು ಹೇಗೆ

ನಮ್ಮ ಕಡೆ ಲೀಸ್ ಅಂದರೆ ಭೋಗ್ಯ. ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಇದ್ದು, ಖಾಲಿ ಮಾಡುವಾಗ ಹಣ ವಾಪಸ್ ಪಡೆಯುತ್ತೇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೀಸ್‌ಹೋಲ್ಡ್ ಫ್ಲ್ಯಾಟ್‌ಗೂ ಇದಕ್ಕೂ ಹೆಸರು ಬಿಟ್ಟರೆ ಬೇರೇನೂ ಸಂಬಂಧವಿಲ್ಲ. ಅಲ್ಲಿ ಪೂರ್ತಿ ಬೆಲೆ ತೆತ್ತು ಕೊಂಡವರಿಗೂ ಸಿಗುವುದು 99 ಅಥವಾ 125 ವರ್ಷದಂಥ ಅವಧಿಯ ಹಕ್ಕು ಮಾತ್ರ. ನೆಲ, ಕಟ್ಟಡ ಎರಡೂ ಫ್ರೀಹೋಲ್ಡರ್‌ನದು. ಅವಧಿ ಕರಗಿದಂತೆಲ್ಲ ಫ್ಲ್ಯಾಟಿನ ಬೆಲೆಯೂ ಕರಗುತ್ತದೆ. ಕೊನೆಗೊಂದು ದಿನ ಸಾಲ ಕೊಡುವ ಬ್ಯಾಂಕೇ ಬೇಡ ಅನ್ನುತ್ತದೆ.

ಇದಕ್ಕೆ ಪರಿಹಾರ 1993ರ ಲೀಸ್‌ಹೋಲ್ಡ್ ರಿಫಾರ್ಮ್, ಹೌಸಿಂಗ್ ಅಂಡ್ ಅರ್ಬನ್ ಡೆವಲಪ್‌ಮೆಂಟ್ ಕಾಯ್ದೆಯಲ್ಲಿದೆ. ಮೂಲತಃ 21 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಟ್ಟ ಲೀಸ್ ಆಗಿದ್ದರೆ, ಈಗ ಉಳಿದಿರುವ ಅವಧಿಯ ಮೇಲೆ ಇನ್ನೂ 90 ವರ್ಷ ಸೇರಿಸಿದ ಹೊಸ ಲೀಸ್ ಕೇಳುವ ಹಕ್ಕು ಫ್ಲ್ಯಾಟಿನ ಮಾಲೀಕರಿಗಿದೆ. ಫ್ರೀಹೋಲ್ಡರ್‌ಗೆ ವರ್ಷವರ್ಷ ಕಟ್ಟುವ ನೆಲಬಾಡಿಗೆ, ಅಂದರೆ ಗ್ರೌಂಡ್ ರೆಂಟ್ ಕೂಡ ಆಗ ‘ಒಂದು ಕಾಳುಮೆಣಸು’ ಆಗುತ್ತದೆ. ಕಾನೂನಿನ ಭಾಷೆಯಲ್ಲಿ ಹಾಗೆಂದರೆ ಸೊನ್ನೆ. ಫ್ಲ್ಯಾಟಿನಲ್ಲೇ ವಾಸವಿರಬೇಕೆಂಬ ಷರತ್ತಿಲ್ಲ. ಬಾಡಿಗೆಗೆ ಬಿಟ್ಟು ಬೇರೆ ದೇಶದಲ್ಲಿ ಇರುವವರೂ ಕೇಳಬಹುದು. ಎರಡು ವರ್ಷ ಮಾಲೀಕರಾಗಿರಬೇಕು ಎಂಬ ಹಳೆಯ ನಿಯಮ 2025ರ ಜನವರಿ 31ಕ್ಕೆ ರದ್ದಾಯಿತು. ಇವತ್ತು ಹೆಸರು ನೋಂದಣಿಯಾದರೆ ನಾಳೆಯೇ ಫ್ರೀಹೋಲ್ಡರ್‌ಗೆ ಹೊಸ ಲೀಸ್ ಕೇಳುವ ನೋಟಿಸ್ (ಸೆಕ್ಷನ್ 42 ನೋಟಿಸ್) ಕೊಡಬಹುದು.

ಹಕ್ಕು ಗಟ್ಟಿಯಾದದ್ದೇ. ಆದರೆ ಅದನ್ನು ಚಲಾಯಿಸುವ ದಾರಿಯುದ್ದಕ್ಕೂ ಗಡುವುಗಳಿವೆ. ಬೆಲೆಯ ಚೌಕಾಸಿಯಲ್ಲಿ ಸೋತರೆ ಒಂದೆರಡು ಸಾವಿರ ಪೌಂಡ್ ಹೋದೀತು. ಗಡುವು ತಪ್ಪಿದರೆ ಮಾಡಿದ ಖರ್ಚು ಅಷ್ಟೂ ನೀರುಪಾಲಾಗಿ, ಮತ್ತೆ ಒಂದು ವರ್ಷ ಕಾಯಬೇಕಾಗುತ್ತದೆ.

ಮೊದಲು ಲೀಸ್ ಪತ್ರ ತೆಗೆದು ಎಣಿಸಿ

ಅಲ್ಲಿನ ಆಸ್ತಿ ನೋಂದಣಿ ಇಲಾಖೆಯಾದ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ತಾಣದಿಂದ ಎರಡು ಟೈಟಲ್ ರಿಜಿಸ್ಟರ್‌ಗಳ (ಮಾಲೀಕತ್ವದ ದಾಖಲೆಗಳ) ಪ್ರತಿ ತೆಗೆಸಿ: ಒಂದು ನಿಮ್ಮ ಲೀಸ್‌ನದು, ಇನ್ನೊಂದು ಕಟ್ಟಡದ ಫ್ರೀಹೋಲ್ಡ್‌ನದು. ಮೂಲ ಲೀಸ್ ಪತ್ರ ಕೈಯಲ್ಲಿ ಇಲ್ಲದಿದ್ದರೆ ಅದನ್ನೂ ತರಿಸಿ. ಮೂರನೆಯವರ ತಾಣಗಳು ಇದೇ ಪ್ರತಿಗೆ ಹಲವು ಪಟ್ಟು ಹಣ ಕೇಳುತ್ತವೆ, ಅತ್ತ ಹೋಗಬೇಡಿ.

ಲೀಸ್ ಯಾವತ್ತು ಸಹಿಯಾಯಿತು ಎಂಬುದಕ್ಕಿಂತ ಅವಧಿ ಯಾವತ್ತಿನಿಂದ ಶುರು ಎಂಬುದು ಮುಖ್ಯ. ಈ ಎರಡನ್ನೂ ಒಂದೇ ಅಂದುಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಲೀಸ್ ಪತ್ರದ ಮೇಲೆ 1984ರ ಏಪ್ರಿಲ್ ತಾರೀಖಿದೆ ಅಂದುಕೊಳ್ಳಿ. ಒಳಗೆ ಮಾತ್ರ ‘1982ರ ಸೆಪ್ಟೆಂಬರ್ 29ರಿಂದ 125 ವರ್ಷ’ ಎಂದಿದೆ. ಹಾಗಿದ್ದರೆ ಅವಧಿ ಮುಗಿಯುವುದು 2107ರ ಸೆಪ್ಟೆಂಬರ್‌ನಲ್ಲಿ, 80 ವರ್ಷ ಉಳಿಯುವ ಗೆರೆ (ಅಲ್ಲಿಗೆ ಬಂದರೆ ಕೊಡಬೇಕಾದ ಮೊತ್ತ ಏರುತ್ತದೆ, ಮುಂದೆ ನೋಡಿ) ಬರುವುದು 2027ರ ಸೆಪ್ಟೆಂಬರ್‌ನಲ್ಲಿ. ಸಹಿಯ ತಾರೀಖು ಹಿಡಿದು ಎಣಿಸಿದವರು 2029ರ ಏಪ್ರಿಲ್‌ವರೆಗೆ ಸಮಯವಿದೆ ಎಂದು ಹಾಯಾಗಿರುತ್ತಾರೆ. ಹತ್ತೊಂಬತ್ತು ತಿಂಗಳು ಅಲ್ಲೇ ಕೈಬಿಟ್ಟವು. ಸೆಪ್ಟೆಂಬರ್ 29, ಡಿಸೆಂಬರ್ 25, ಮಾರ್ಚ್ 25, ಜೂನ್ 24 ಇವು ಅಲ್ಲಿನ ಹಳೆಯ ಕಾಲುವರ್ಷದ ಲೆಕ್ಕದ ದಿನಗಳು. ಲೀಸ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ.

ಅದೇ ಪತ್ರದಲ್ಲಿ ಗ್ರೌಂಡ್ ರೆಂಟ್ ಎಷ್ಟು, ಏರುತ್ತದೆಯೇ, ಏರಿದರೆ ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಗ್ಯಾರೇಜ್, ಪಾರ್ಕಿಂಗ್ ಜಾಗ, ನೆಲಮಾಳಿಗೆಯ ಸ್ಟೋರ್ ಏನಾದರೂ ಫ್ಲ್ಯಾಟಿನ ಜೊತೆಗೇ ಕೊಟ್ಟಿದ್ದರೆ ಅದನ್ನೂ ಬರೆದುಕೊಳ್ಳಿ. ನೋಟಿಸ್‌ನಲ್ಲಿ ಬಿಟ್ಟುಹೋದರೆ ಆಮೇಲೆ ಜಗಳಕ್ಕೆ ದಾರಿ.

80ರ ಗೆರೆ

ಪ್ರೀಮಿಯಂನಲ್ಲಿ, ಅಂದರೆ ಫ್ರೀಹೋಲ್ಡರ್‌ಗೆ ಕೊಡಬೇಕಾದ ಮೊತ್ತದಲ್ಲಿ, ಮೂರು ಭಾಗಗಳಿರಬಹುದು. ಕೈತಪ್ಪುವ ಗ್ರೌಂಡ್ ರೆಂಟ್‌ನ ಇವತ್ತಿನ ಬೆಲೆ ಒಂದು. ಅವಧಿ ಮುಗಿದಾಗ ಅವರ ಕೈಗೆ ಬರಬೇಕಿದ್ದ ಫ್ಲ್ಯಾಟ್ ಇನ್ನೂ 90 ವರ್ಷ ಮುಂದೆ ಹೋಗುವುದರ ನಷ್ಟ ಎರಡನೆಯದು. ಮೂರನೆಯದರ ಹೆಸರು ಮ್ಯಾರೇಜ್ ವ್ಯಾಲ್ಯೂ. ಇಲ್ಲಿ ಮದುವೆ ಆಗುವುದು ಎರಡು ಹಿತಾಸಕ್ತಿಗಳಿಗೆ: ಫ್ರೀಹೋಲ್ಡರ್‌ನದು, ನಿಮ್ಮದು. ಎರಡೂ ಕೂಡಿದ್ದರಿಂದ ಹೆಚ್ಚಿದ ಬೆಲೆಯಲ್ಲಿ ಅರ್ಧ ಅವರಿಗೆ ಸಲ್ಲಬೇಕು. ಆದರೆ ನೋಟಿಸ್ ಕೊಟ್ಟ ದಿನ 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಇದು ಸೊನ್ನೆ. ಸರಿಯಾಗಿ 80 ವರ್ಷ ಉಳಿದಿದ್ದರೂ ಕೊಡಬೇಕು; ಗೆರೆ ಅಷ್ಟು ಚೂಪಾದದ್ದು.

ಅಂಕಿಯಲ್ಲಿ ನೋಡೋಣ. ವಿಸ್ತರಿಸಿದ ಮೇಲೆ ಫ್ಲ್ಯಾಟಿನ ಬೆಲೆ 3 ಲಕ್ಷ ಪೌಂಡ್, ಅವಧಿಯ ಮಿತಿಯೇ ಇಲ್ಲದ ಫ್ರೀಹೋಲ್ಡ್ ಲೆಕ್ಕದಲ್ಲಿ 3.03 ಲಕ್ಷ, ಗ್ರೌಂಡ್ ರೆಂಟ್ ಏರದೆ ವರ್ಷಕ್ಕೆ 100 ಪೌಂಡ್ ಎಂದುಕೊಳ್ಳಿ. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಲು ಗ್ರೌಂಡ್ ರೆಂಟ್‌ನ ಭಾಗಕ್ಕೆ ಶೇ. 6ರ ದರ. ಫ್ಲ್ಯಾಟ್ ಹಿಂದಿರುಗುವ ಭಾಗಕ್ಕೆ ಶೇ. 5, ಫ್ಲ್ಯಾಟ್‌ಗಳಿಗೆ ಈ ದರ ಸ್ಪೋರ್ಟೆಲ್ಲಿ ಮೊಕದ್ದಮೆಯಿಂದ ರೂಢಿಗೆ ಬಂತು. 81 ವರ್ಷ ಉಳಿದಿದ್ದರೆ ಬಾಡಿಗೆಗೆ ಸುಮಾರು 1,652, ಹಿಂದಿರುಗುವ ಹಕ್ಕಿಗೆ 5,823, ಅದರಲ್ಲಿ 90 ವರ್ಷದಾಚೆಗೆ ಅವರಿಗೇ ಉಳಿಯುವ 72 ಕಳೆದರೆ ಒಟ್ಟು 7,403 ಪೌಂಡ್.

ಮೂರು ವರ್ಷ ಸುಮ್ಮನಿದ್ದು 78ಕ್ಕೆ ಬಂದಿರಿ ಅನ್ನಿ. ಮೊದಲೆರಡು ಭಾಗ 8,306ಕ್ಕೆ ಏರುತ್ತದೆ. ಈಗಿನ ಚಿಕ್ಕ ಲೀಸ್‌ನ ಬೆಲೆ ಫ್ರೀಹೋಲ್ಡ್ ಬೆಲೆಯ ಶೇ. 93 ಎಂದು ಹಿಡಿದರೆ ಮ್ಯಾರೇಜ್ ವ್ಯಾಲ್ಯೂ 9,904, ಅದರ ಅರ್ಧ 4,952. ಒಟ್ಟು 13,258 ಪೌಂಡ್. ಆ ಶೇ. 93 ಎಂಬ ಅಂಕಿಗೆ ರಿಲೇಟಿವಿಟಿ ಎನ್ನುತ್ತಾರೆ. ಇಬ್ಬರು ಮೌಲ್ಯಮಾಪಕರು ಗುದ್ದಾಡುವುದು ಹೆಚ್ಚಾಗಿ ಇದರ ಮೇಲೆಯೇ. ಗ್ರೌಂಡ್ ರೆಂಟ್ ಕೆಲವು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಲೀಸ್ ಆಗಿದ್ದರೆ ಮೊದಲ ಭಾಗವೇ ಉಬ್ಬಿ, ಈ ಲೆಕ್ಕ ಪೂರ್ತಿ ಬದಲಾಗುತ್ತದೆ.

2024ರ ಲೀಸ್‌ಹೋಲ್ಡ್ ಅಂಡ್ ಫ್ರೀಹೋಲ್ಡ್ ರಿಫಾರ್ಮ್ ಕಾಯ್ದೆಯಲ್ಲಿ ಮ್ಯಾರೇಜ್ ವ್ಯಾಲ್ಯೂ ತೆಗೆಯುವ, 90ರ ಬದಲು 990 ವರ್ಷ ಕೊಡುವ ಕಲಮುಗಳಿವೆ. ಕಾಯ್ದೆ ಪಾಸಾಗಿದ್ದರೂ ಇದನ್ನು ಬರೆಯುವಾಗ ಆ ಕಲಮುಗಳು ಜಾರಿಗೆ ಬಂದಿಲ್ಲ. ಹಾಗಾದರೆ ಕಾಯಬೇಕೇ? ಉಳಿದಿರುವುದು 90ಕ್ಕಿಂತ ಹೆಚ್ಚು, ಮಾರುವ ಯೋಚನೆಯೂ ಇಲ್ಲ ಎಂದಾದರೆ ಕಾಯುವುದರಿಂದ ಹೆಚ್ಚು ಕಳೆದುಕೊಳ್ಳುವುದಿಲ್ಲ. 81, 82ರಲ್ಲಿ ನಿಂತವರು ಕಾಯುವುದು ಜೂಜು. 80ರ ಕೆಳಗೆ ಜಾರಿಹೋದವರು ಮಾತ್ರ ಮೌಲ್ಯಮಾಪಕರಿಂದ ಎರಡೂ ಲೆಕ್ಕ ಹಾಕಿಸಿ ನೋಡಿ ತೀರ್ಮಾನಿಸಬೇಕು. ಮಾರಾಟ ಅಥವಾ ಮರುಸಾಲ ಹತ್ತಿರವಿದ್ದರೆ ಅವರಿಗೂ ಕಾಯುವ ಆಯ್ಕೆ ಇಲ್ಲ.

ಯಾರನ್ನು ಹಿಡಿಯಬೇಕು

ಇಬ್ಬರು ಬೇಕು: ಒಬ್ಬ ಸಾಲಿಸಿಟರ್, ಒಬ್ಬ ಮೌಲ್ಯಮಾಪಕ. ಫ್ಲ್ಯಾಟ್ ಕೊಳ್ಳುವಾಗ ಕಾಗದಪತ್ರ ನೋಡಿದ ಕನ್ವೇಯನ್ಸರ್ ಈ ಕೆಲಸಕ್ಕೆ ಸಾಲುತ್ತಾರೆಂದು ಎಣಿಸಬೇಡಿ. ವರ್ಷಕ್ಕೆ ಎಷ್ಟು ಸೆಕ್ಷನ್ 42 ನೋಟಿಸ್ ಕೊಡುತ್ತೀರಿ, ಬೆಲೆ, ಷರತ್ತು ಹೊಂದದಿದ್ದಾಗ ತೀರ್ಮಾನಿಸುವ ಟ್ರಿಬ್ಯೂನಲ್‌ವರೆಗೆ ಹೋದ ಅನುಭವವಿದೆಯೇ, ಗಡುವುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನೇರವಾಗಿ ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಈ ಕ್ಷೇತ್ರದವರ ಸಂಘ ‘ಅಲೆಪ್’. ಅದರ ಸದಸ್ಯರ ಪಟ್ಟಿಯಿಂದ ಹುಡುಕಾಟ ಶುರು ಮಾಡಬಹುದು. ಮೌಲ್ಯಮಾಪಕರು ಸರ್ವೇಯರ್‌ಗಳ ವೃತ್ತಿ ಸಂಸ್ಥೆಯಾದ ಆರ್‌ಐಸಿಎಸ್ ಸದಸ್ಯರಾಗಿದ್ದು, ಆ ಪ್ರದೇಶದ ಫ್ಲ್ಯಾಟ್‌ಗಳನ್ನು ಬಲ್ಲವರಾಗಿರಬೇಕು. ಸರ್ಕಾರದ ಹಣದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವೀಸ್ ಪ್ರಾಥಮಿಕ ಸಲಹೆಯನ್ನು ಪುಕ್ಕಟೆ ಕೊಡುತ್ತದೆ. ಅದರ ಕ್ಯಾಲ್ಕ್ಯುಲೇಟರ್ ಅಂದಾಜಿಗೆ ಸಾಕು, ನೋಟಿಸ್‌ನಲ್ಲಿ ಬರೆಯಲು ಸಾಲದು.

ಶುಲ್ಕವನ್ನು ಹಂತ ಹಂತವಾಗಿ ಬರೆಸಿಕೊಳ್ಳಿ: ನೋಟಿಸ್ ಕೊಡುವವರೆಗೆ ಎಷ್ಟು, ಮಾತುಕತೆಗೆ ಎಷ್ಟು, ಟ್ರಿಬ್ಯೂನಲ್‌ಗೆ ಹೋದರೆ ಎಷ್ಟು, ಹೊಸ ಲೀಸ್ ಮುಗಿಸಿ ನೋಂದಾಯಿಸಲು ಎಷ್ಟು. ಅದರ ಮೇಲೆ ಫ್ರೀಹೋಲ್ಡರ್‌ನ ಖರ್ಚೂ ನಿಮ್ಮ ತಲೆಗೇ ಬರುತ್ತದೆ. ನಿಮ್ಮ ಹಕ್ಕನ್ನು ಪರಿಶೀಲಿಸಿದ್ದು, ಮೌಲ್ಯಮಾಪನ, ಹೊಸ ಲೀಸ್ ಬರೆದದ್ದು ಇವುಗಳ ನ್ಯಾಯವಾದ ಖರ್ಚನ್ನು ಸೆಕ್ಷನ್ 60ರಂತೆ ನೀವೇ ಕೊಡಬೇಕು. ಟ್ರಿಬ್ಯೂನಲ್‌ನಲ್ಲಿ ವಾದಿಸಿದ್ದು, ಬೆಲೆ ಚೌಕಾಸಿ ಮಾಡಿದ್ದು ಇದರಲ್ಲಿ ಸೇರುವುದಿಲ್ಲ. ಬಿಲ್ ಬಂದಾಗ ಯಾವ ಕೆಲಸಕ್ಕೆ ಎಷ್ಟು ಎಂದು ಬಿಡಿಸಿ ಕೇಳಿ.

ಕೊಳ್ಳುವಾಗ ಅಥವಾ ಆಮೇಲೆ ನೀವೇ ಖರ್ಚು ಮಾಡಿ ಮಾಡಿಸಿದ ದೊಡ್ಡ ಸುಧಾರಣೆಗಳ ಪಟ್ಟಿಯನ್ನು ಮೌಲ್ಯಮಾಪಕರ ಕೈಗೆ ಕೊಡಿ. ಅವುಗಳಿಂದ ಏರಿದ ಬೆಲೆಯನ್ನು ಪ್ರೀಮಿಯಂ ಲೆಕ್ಕದಲ್ಲಿ ಬಿಡಬೇಕು. ಹಿಂದಿನ ಮಾಲೀಕರು ಮಾಡಿಸಿದ್ದಕ್ಕೂ ಇದು ಅನ್ವಯ. ರಸೀದಿ, ಹಳೆಯ ನಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು.

ನೋಟಿಸ್

ಸೆಕ್ಷನ್ 42 ನೋಟಿಸ್ ಕೊಟ್ಟ ದಿನವೇ ಮೌಲ್ಯಮಾಪನದ ದಿನ. ಮುಂದೆ ಮಾತುಕತೆ ಎಷ್ಟೇ ತಿಂಗಳು ಎಳೆದರೂ ಅವಧಿ ಆ ದಿನಕ್ಕೆ ನಿಂತ ಹಾಗೆ. ಬೇಗ ನೋಟಿಸ್ ಕೊಡಲು 80ರ ಹತ್ತಿರ ಇರುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ನೋಟಿಸ್ ಯಾರ ಹೆಸರಿಗೆ ಹೋಗಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಫ್ರೀಹೋಲ್ಡರ್‌ಗೂ ನಿಮಗೂ ನಡುವೆ ಹೆಡ್‌ಲೀಸ್ (ನಿಮ್ಮ ಲೀಸ್‌ಗೂ ಮೇಲಿನ ಲೀಸ್) ಇಟ್ಟುಕೊಂಡವರು ಇದ್ದರೆ, ನಿಮಗೆ ಹೆಚ್ಚುವರಿ 90 ವರ್ಷ ಕೊಡುವಷ್ಟು ಅವಧಿ ಯಾರ ಕೈಯಲ್ಲಿದೆಯೋ ಅವರೇ ಕಾನೂನಿನ ಲೆಕ್ಕದಲ್ಲಿ ಸರಿಯಾದ ಭೂಮಾಲೀಕ. ಲೀಸ್‌ಗೆ ಸಹಿ ಹಾಕಿದ ಮ್ಯಾನೇಜ್‌ಮೆಂಟ್ ಕಂಪನಿ ಇದ್ದರೆ ಅದಕ್ಕೂ ಪ್ರತಿ ಹೋಗಬೇಕು. ಯಾರ್ಯಾರ ಹಿತಾಸಕ್ತಿ ಇದೆಯೆಂದು ಗೊತ್ತಾಗದಿದ್ದರೆ ಮೊದಲು ಸೆಕ್ಷನ್ 41ರ ಮಾಹಿತಿ ನೋಟಿಸ್ ಕೊಡಬಹುದು. ಅದಕ್ಕೆ 28 ದಿನದಲ್ಲಿ ಉತ್ತರ ಬರಬೇಕು.

ಫ್ಲ್ಯಾಟ್ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ನೋಟಿಸೂ ಇಬ್ಬರ ಹೆಸರಲ್ಲೇ ಇರಬೇಕು. ಒಬ್ಬರದು ಬಿಟ್ಟುಹೋದರೆ ನೋಟಿಸ್ ಅಸಿಂಧು. ಮೊದಲು ಮಾಲೀಕರೇ ಸ್ವತಃ ಸಹಿ ಹಾಕಬೇಕಿತ್ತು. 2014ರ ತಿದ್ದುಪಡಿಯ ನಂತರ ನಿಮ್ಮ ಪರವಾಗಿ ಸಾಲಿಸಿಟರ್ ಹಾಕಿದರೂ ನಡೆಯುತ್ತದೆ. ಹೊರದೇಶದಲ್ಲಿರುವವರಿಗೆ ಇದು ದೊಡ್ಡ ಅನುಕೂಲ.

ನೀವು ಕೊಡಲು ಸಿದ್ಧವಿರುವ ಪ್ರೀಮಿಯಂ ಮೊತ್ತವನ್ನು ನೋಟಿಸ್‌ನಲ್ಲಿ ಬರೆಯಲೇಬೇಕು. ಕಡಿಮೆ ಬರೆಯುವುದು ಸಹಜ. ಆದರೆ ತಮಾಷೆಯ ಮೊತ್ತ ಬರೆದರೆ ಕೆಟ್ಟಿತು. ಭಾರೀ ಬೆಲೆಯ ಫ್ಲ್ಯಾಟಿಗೆ 100 ಪೌಂಡ್ ಎಂದು ಬರೆದ ನೋಟಿಸನ್ನು ಹಿಂದೆ ಮೇಲ್ಮನವಿ ನ್ಯಾಯಾಲಯವೇ ಅಸಿಂಧು ಎಂದಿದೆ. ಮೌಲ್ಯಮಾಪಕರು ಸಮರ್ಥಿಸಬಲ್ಲ ಅತಿ ಕಡಿಮೆ ಮೊತ್ತವೇ ಸರಿಯಾದ ಮೊತ್ತ. ಫ್ರೀಹೋಲ್ಡರ್ ಉತ್ತರವಾಗಿ ಕೌಂಟರ್ ನೋಟಿಸ್ ಕೊಡಲು ಕೊನೆಯ ತಾರೀಖನ್ನೂ ನಮೂದಿಸಬೇಕು, ಅದು ನೋಟಿಸ್ ಕೊಟ್ಟ ದಿನದಿಂದ ಕನಿಷ್ಠ ಎರಡು ತಿಂಗಳಾಚೆ ಇರಬೇಕು. ಸರಿಯಾಗಿ ಎರಡು ತಿಂಗಳಿಗೆ ಬರೆದು, ಅಂಚೆ ಒಂದೆರಡು ದಿನ ತಡವಾಗಿ ನೋಟಿಸೇ ಬಿದ್ದುಹೋದ ಪ್ರಸಂಗಗಳಿವೆ. ಒಂದು ವಾರ ಹತ್ತು ದಿನ ಹೆಚ್ಚಿಗೆ ಇಟ್ಟರೆ ಯಾರಿಗೂ ನಷ್ಟವಿಲ್ಲ. ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.

ನೋಟಿಸ್ ಹೋದ ದಿನವೇ ಫ್ರೀಹೋಲ್ಡ್ ಟೈಟಲ್ ಮೇಲೆ ಅದನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಿಸಲು ಸಾಲಿಸಿಟರ್‌ಗೆ ಹೇಳಿ. ದಾಖಲಿಸದಿದ್ದರೆ, ನಡುವೆ ಫ್ರೀಹೋಲ್ಡ್ ಮಾರಾಟವಾದಾಗ ಹೊಸಬರು ನಿಮ್ಮ ನೋಟಿಸ್ ತಮಗೆ ಸಂಬಂಧಿಸಿದ್ದಲ್ಲ ಎನ್ನಬಹುದು.

ಮುಂದಿನ ತಿಂಗಳುಗಳ ಕ್ಯಾಲೆಂಡರ್

ಮೊದಲ ಕೆಲವು ವಾರದಲ್ಲಿ ಫ್ರೀಹೋಲ್ಡರ್ ಕಡೆಯಿಂದ ಸಣ್ಣ ಬೇಡಿಕೆಗಳು ಬರುತ್ತವೆ. ಮಾಲೀಕತ್ವದ ಪುರಾವೆ ಕೇಳಿದರೆ 21 ದಿನದಲ್ಲಿ ಕೊಡಬೇಕು. ಠೇವಣಿ ಕೇಳಿದರೆ, ನೀವು ನಮೂದಿಸಿದ ಪ್ರೀಮಿಯಂನ ಶೇ. 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದನ್ನು 14 ದಿನದಲ್ಲಿ ಕಟ್ಟಬೇಕು. ಅವರ ಮೌಲ್ಯಮಾಪಕರು ಮೂರು ದಿನ ಮೊದಲು ತಿಳಿಸಿ ಫ್ಲ್ಯಾಟ್ ನೋಡಲು ಬರಬಹುದು. ಬಾಡಿಗೆದಾರರಿದ್ದರೆ ಅವರಿಗೆ ಮೊದಲೇ ಹೇಳಿಡಿ.

ಆಮೇಲೆ ಕೌಂಟರ್ ನೋಟಿಸ್. ಹಕ್ಕನ್ನು ಒಪ್ಪಿ, ಬೆಲೆಯನ್ನು ಮಾತ್ರ ಏರಿಸಿ ಬರೆಯುವುದು ಮಾಮೂಲು. ಆ ಅಂಕಿ ನೋಡಿ ಗಾಬರಿಯಾಗಬೇಡಿ, ಅದು ಅವರ ಚೌಕಾಸಿಯ ಮೊದಲ ಮಾತು. ಕೊಟ್ಟ ಗಡುವಿನೊಳಗೆ ಕೌಂಟರ್ ನೋಟಿಸ್ ಬಾರದೇ ಹೋದರೆ ನಿಮ್ಮ ನೋಟಿಸ್‌ನಲ್ಲಿರುವ ಷರತ್ತುಗಳಿಗೇ, ನಿಮ್ಮ ಬೆಲೆಗೇ ಹೊಸ ಲೀಸ್ ಕೊಡಿಸುವಂತೆ ಕೌಂಟಿ ಕೋರ್ಟ್‌ಗೆ ಹೋಗಬಹುದು. ಅದಕ್ಕೂ ಗಡುವಿದೆ: ಕೌಂಟರ್ ನೋಟಿಸ್ ಬರಬೇಕಿದ್ದ ತಾರೀಖಿನಿಂದ ಆರು ತಿಂಗಳು.

ಕೌಂಟರ್ ನೋಟಿಸ್ ಬಂದಿದ್ದರೆ ಅದರ ತಾರೀಖನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಮಾರ್ಚ್ 10ಕ್ಕೆ ಕೊಟ್ಟಿದ್ದಾರೆ ಎನ್ನಿ. ಎರಡು ತಿಂಗಳು ಮಾತುಕತೆಗೆ. ಮೇ 10ರಿಂದ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಕೊನೆಯ ದಿನ ಸೆಪ್ಟೆಂಬರ್ 9, ಸೆಪ್ಟೆಂಬರ್ 10 ಅಲ್ಲ. ಆರು ತಿಂಗಳನ್ನು ಕೌಂಟರ್ ನೋಟಿಸ್ ಕೊಟ್ಟ ದಿನವನ್ನೂ ಸೇರಿಸಿಯೇ ಎಣಿಸುತ್ತಾರೆ. ಆ ದಿನ ದಾಟಿದರೆ ನಿಮ್ಮ ನೋಟಿಸ್ ಹಿಂತೆಗೆದುಕೊಂಡಂತೆ. ಫ್ರೀಹೋಲ್ಡರ್‌ನ ಖರ್ಚು ಕೊಡಬೇಕು, ಹನ್ನೆರಡು ತಿಂಗಳು ಹೊಸ ನೋಟಿಸ್ ಕೊಡುವ ಹಾಗಿಲ್ಲ. ಅಷ್ಟರಲ್ಲಿ 80ರ ಗೆರೆ ದಾಟಿದ್ದರೆ ಅದರ ಬೆಲೆಯೂ ನಿಮ್ಮದೇ.

ಇಲ್ಲಿ ಎಡವುವವರು ಸೋಮಾರಿಗಳೇ ಆಗಿರಬೇಕೆಂದಿಲ್ಲ. ಬೆಲೆ ಜುಲೈನಲ್ಲಿ ಒಪ್ಪಂದವಾಯಿತು, ಇನ್ನೇನು ಮುಗಿಯಿತು ಎಂದು ಎಲ್ಲರೂ ನಿರಾಳ. ಆದರೆ ಹೊಸ ಲೀಸ್‌ನ ಒಂದು ಕಲಮಿನ ಮಾತು ಇನ್ನೂ ಇಮೇಲ್‌ಗಳಲ್ಲಿ ಓಡಾಡುತ್ತಿದೆ. ಕಾನೂನಿನ ಕಣ್ಣಲ್ಲಿ ಬೆಲೆ ಮಾತ್ರ ಒಪ್ಪಿದ್ದು ‘ಎಲ್ಲ ಷರತ್ತು ಒಪ್ಪಿದ್ದು’ ಆಗುವುದಿಲ್ಲ. ಸೆಪ್ಟೆಂಬರ್ 9ಕ್ಕೆ ಅರ್ಜಿ ಇಲ್ಲದಿದ್ದರೆ ಜುಲೈನ ಒಪ್ಪಂದ ಗಾಳಿಗೆ. ಆದ್ದರಿಂದ ಮಾತುಕತೆ ಎಷ್ಟೇ ಸೌಹಾರ್ದವಾಗಿರಲಿ, ಕೊನೆಯ ದಿನಕ್ಕೆ ಕೆಲವು ವಾರ ಇರುವಾಗಲೇ ಮುಂಜಾಗ್ರತೆಯ ಅರ್ಜಿ ಹಾಕಿಸಿ. ಇತ್ಯರ್ಥವಾದರೆ ಹಿಂದಕ್ಕೆ ಪಡೆಯಬಹುದು. ಬಹುಪಾಲು ಪ್ರಕರಣಗಳು ವಿಚಾರಣೆಯ ಮೊದಲೇ ಮುಗಿಯುತ್ತವೆ. ಟ್ರಿಬ್ಯೂನಲ್‌ನಲ್ಲಿ ಸಾಮಾನ್ಯವಾಗಿ ಅವರವರ ಖರ್ಚು ಅವರವರದು.

ಎಲ್ಲವೂ ಒಪ್ಪಿಗೆಯಾದ ಮೇಲೆ ಇನ್ನೊಂದು ಗಡಿಯಾರ ಶುರು. ಒಪ್ಪಿದ ದಿನದಿಂದ ಎರಡು ತಿಂಗಳಲ್ಲಿ ಹೊಸ ಲೀಸ್ ಆಗಬೇಕು. ಆಗದಿದ್ದರೆ ಅದರ ಮುಂದಿನ ಎರಡು ತಿಂಗಳೊಳಗೆ ಕೌಂಟಿ ಕೋರ್ಟ್‌ಗೆ ಹೋಗಬೇಕು. ಅದೂ ತಪ್ಪಿದರೆ ಮತ್ತೆ ಮೊದಲಿನ ಕಥೆಯೇ. ಹಣವನ್ನು ಆ ಹೊತ್ತಿಗೆ ಸಿದ್ಧವಾಗಿಟ್ಟುಕೊಳ್ಳಿ. ಹೊರದೇಶದಿಂದ ಕಳಿಸುವುದಾದರೆ ಸಾಲಿಸಿಟರ್ ಹಣದ ಮೂಲ ಕೇಳುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ದಾಖಲೆಗಳನ್ನು ನೋಟಿಸ್ ಹಂತದಲ್ಲೇ ಕೊಟ್ಟುಬಿಡುವುದು ಲೇಸು.

ಫ್ರೀಹೋಲ್ಡರ್ ಪತ್ತೆಯೇ ಇಲ್ಲದಿದ್ದರೆ

ಗ್ರೌಂಡ್ ರೆಂಟ್ ಕೇಳುವವರೂ ಇಲ್ಲ, ರಿಜಿಸ್ಟರಿನ ವಿಳಾಸಕ್ಕೆ ಹಾಕಿದ ಪತ್ರ ವಾಪಸ್ ಬರುತ್ತಿದೆ ಎಂದಾದರೆ ಕೌಂಟಿ ಕೋರ್ಟ್‌ನಲ್ಲಿ ಸೆಕ್ಷನ್ 50ರ ಅರ್ಜಿ ಹಾಕಬಹುದು. ಹುಡುಕಲು ಏನೇನು ಪ್ರಯತ್ನ ಮಾಡಿದಿರಿ ಎಂಬುದಕ್ಕೆ ಕೋರ್ಟ್ ಪುರಾವೆ ಕೇಳುತ್ತದೆ. ಬೆಲೆಯನ್ನು ಟ್ರಿಬ್ಯೂನಲ್ ನಿಗದಿ ಮಾಡುತ್ತದೆ, ಹಣ ಕೋರ್ಟಿಗೆ ಕಟ್ಟುತ್ತೀರಿ, ಫ್ರೀಹೋಲ್ಡರ್ ಸಹಿ ಇಲ್ಲದೆಯೇ ಲೀಸ್ ಆಗುತ್ತದೆ. ನಿಧಾನದ ದಾರಿ, ಆದರೆ ನಡೆಯುವ ದಾರಿ.

‘ನೋಟಿಸ್ ಯಾಕೆ, ನಾವೇ ಮಾತಾಡಿ ಮುಗಿಸೋಣ’ ಎಂದರೆ

ಫ್ರೀಹೋಲ್ಡರ್ ಹೀಗೆ ಪತ್ರ ಬರೆಯುವುದುಂಟು. ಕಾಯ್ದೆಯ ಗಡುವುಗಳಿಲ್ಲ, ಖರ್ಚು ಕಡಿಮೆ, ಒಳ್ಳೆಯವರು ಸಿಕ್ಕರೆ ಬೇಗ ಮುಗಿಯುತ್ತದೆ. ಆದರೆ ಗಡುವಿಲ್ಲ ಎಂದರೆ ರಕ್ಷಣೆಯೂ ಇಲ್ಲ. ಅವರು ಯಾವ ಹೊತ್ತಿಗೂ ಬೆಲೆ ಏರಿಸಬಹುದು, ಹಿಂದೆ ಸರಿಯಬಹುದು. ಮೌಲ್ಯಮಾಪನದ ದಿನ ಯಾವುದೂ ನಿಂತಿರುವುದಿಲ್ಲ. 80 ವರ್ಷ ಮೂರು ತಿಂಗಳು ಉಳಿದವರಿಗೆ ‘ಮುಂದಿನ ತಿಂಗಳು ನೋಡೋಣ’ ಎನ್ನುವ ಫ್ರೀಹೋಲ್ಡರ್ ಸುಮ್ಮನೆ ಹಾಗೆ ಹೇಳುತ್ತಿಲ್ಲ.

ಕೊಡುವ ಪ್ರಸ್ತಾಪವನ್ನು ಎರಡು ಕಡೆ ಒತ್ತಿ ನೋಡಿ. ಮೊದಲನೆಯದು ಅವಧಿ: 90 ಸೇರಿಸುವ ಬದಲು, 82 ಉಳಿದಿರುವುದನ್ನು 125ಕ್ಕೆ ಏರಿಸುತ್ತೇವೆ ಎಂದರೆ ಸಿಗುವುದು ಬರೀ 43 ವರ್ಷ. ಎರಡನೆಯದು ಗ್ರೌಂಡ್ ರೆಂಟ್: 2022ರ ಜೂನ್ 30ರಿಂದ ಜಾರಿಯಾದ ಗ್ರೌಂಡ್ ರೆಂಟ್ ಕಾಯ್ದೆಯಂತೆ ಸೇರಿಸಿದ ಅವಧಿಗೆ ಬಾಡಿಗೆ ಹಾಕುವ ಹಾಗಿಲ್ಲ, ಆದರೆ ಹಳೆಯ ಅವಧಿ ಮುಗಿಯುವವರೆಗೆ ಹಳೆಯ ಬಾಡಿಗೆ ಮುಂದುವರಿಸಬಹುದು. ಕಾಯ್ದೆಯ ದಾರಿಯಲ್ಲಿ ಅದು ಮೊದಲ ದಿನದಿಂದಲೇ ಸೊನ್ನೆ. ಮಾತುಕತೆಯಲ್ಲಿ ಭರವಸೆ ಇದ್ದರೂ ಸೆಕ್ಷನ್ 42 ನೋಟಿಸ್ ಕೊಟ್ಟುಬಿಟ್ಟು, ಅದರ ನೆರಳಿನಲ್ಲೇ ಮಾತಾಡುವುದು ಬಹುಪಾಲು ಸಂದರ್ಭಗಳಲ್ಲಿ ಜಾಣತನ.

ಹೊಸ ಲೀಸ್ ಕೈಗೆ ಬಂದಾಗ

ಹಳೆಯ ಲೀಸ್‌ನ ಷರತ್ತುಗಳೇ ಮುಂದುವರಿಯಬೇಕು ಎಂಬುದು ಸೆಕ್ಷನ್ 57ರ ಮೂಲ ನಿಯಮ. ದೋಷ ತಿದ್ದಲು, ಕಾಲಕ್ಕೆ ಒಗ್ಗಿಸಲು ಮಾತ್ರ ಬದಲಾವಣೆಗೆ ಅವಕಾಶ. ಆದರೂ ಕರಡಿನಲ್ಲಿ ಬಾಡಿಗೆಗೆ ಕೊಡಲು ಅನುಮತಿ ಶುಲ್ಕ, ಸಾಕುಪ್ರಾಣಿ ನಿಷೇಧದಂಥವು ಮೆಲ್ಲಗೆ ನುಸುಳುತ್ತವೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿ ಹೇಳಿ ಎಂದು ಸಾಲಿಸಿಟರ್‌ಗೆ ಲಿಖಿತವಾಗಿ ಕೇಳಿ.

ಫ್ಲ್ಯಾಟ್ ಮೇಲೆ ಸಾಲವಿದ್ದರೆ ಬ್ಯಾಂಕಿಗೆ ಮೊದಲೇ ತಿಳಿಸಿ. ಕಾಯ್ದೆಯಂತೆ ಆದ ಹೊಸ ಲೀಸ್‌ಗೆ ಅಡಮಾನ ತಾನಾಗಿ ವರ್ಗವಾಗುತ್ತದೆ. ಸ್ವಂತ ಮಾತುಕತೆಯ ದಾರಿಯಲ್ಲಿ ಆದರೆ ನಿಮ್ಮ ಬ್ಯಾಂಕ್ ಮಾತ್ರವಲ್ಲ, ಫ್ರೀಹೋಲ್ಡರ್ ಸಾಲ ಮಾಡಿದ್ದರೆ ಅವರ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇದನ್ನು ಮರೆತು ನೋಂದಣಿ ಹಂತದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವವರಿದ್ದಾರೆ.

ಲೀಸ್‌ಗೆ ಸಹಿ ಹಾಕುವಾಗ ಸಾಕ್ಷಿ ಎದುರಿಗೇ ಇದ್ದು ನೋಡಬೇಕು, ಆ ಪತ್ರದಲ್ಲಿ ಪಕ್ಷಗಾರರಾಗಿರಬಾರದು. ಜಂಟಿ ಮಾಲೀಕರಾದ ಗಂಡ ಹೆಂಡತಿ ಒಬ್ಬರಿಗೊಬ್ಬರು ಸಾಕ್ಷಿಯಾದರೆ ರಿಜಿಸ್ಟ್ರಿ ವಾಪಸ್ ಕಳಿಸುತ್ತದೆ. ಪ್ರೀಮಿಯಂ 40,000 ಪೌಂಡ್ ಅಥವಾ ಹೆಚ್ಚಿದ್ದರೆ ಇಂಗ್ಲೆಂಡಿನಲ್ಲಿ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಹಾಕಬೇಕು. ತೆರಿಗೆ ಬರುತ್ತದೋ ಇಲ್ಲವೋ ಎಂಬುದು ಆಮೇಲಿನ ಲೆಕ್ಕ, ಎರಡನೆಯ ಮನೆಯಾದರೆ ಅದು ಹೆಚ್ಚೂ ಇರಬಹುದು. ವೇಲ್ಸ್‌ನಲ್ಲಿ ಬೇರೆಯದೇ ತೆರಿಗೆ ಇದೆ.

ನೋಂದಣಿಯಾದ ಮೇಲೆ ಹೊಸ ಟೈಟಲ್ ನಂಬರ್ ಬರುತ್ತದೆ, ಹಳೆಯದು ಮುಚ್ಚುತ್ತದೆ. ಹೊಸ ರಿಜಿಸ್ಟರಿನ ಪ್ರತಿ ತರಿಸಿ ನಾಲ್ಕು ಸಾಲು ಸ್ವತಃ ಓದಿ: ನಿಮ್ಮ ಹೆಸರಿನ ಅಕ್ಷರ, ಅವಧಿ ಶುರುವಾಗುವ ಮತ್ತು ಮುಗಿಯುವ ತಾರೀಖು, ಬ್ಯಾಂಕಿನ ಅಡಮಾನ, ಗ್ಯಾರೇಜು ಸೇರಿದೆಯೇ ಎಂಬುದು. ತಪ್ಪು ಕಂಡರೆ ಸಾಲಿಸಿಟರ್ ಫೈಲ್ ಮುಚ್ಚುವ ಮೊದಲೇ ಹೇಳಿ. ಆಮೇಲೆ ಸರ್ವೀಸ್ ಚಾರ್ಜ್ ವಸೂಲು ಮಾಡುವ ಮ್ಯಾನೇಜಿಂಗ್ ಏಜೆಂಟ್‌ಗೂ ಒಂದು ಪ್ರತಿ ಕಳಿಸಿ. ಇಲ್ಲದಿದ್ದರೆ ಮುಂದಿನ ವರ್ಷವೂ ಹಳೆಯ ಗ್ರೌಂಡ್ ರೆಂಟ್ ಬಿಲ್ ಮನೆಗೆ ಬರುತ್ತಲೇ ಇರುತ್ತದೆ.